ಪ್ರಶ್ನೆ ಮಾರ್ಕು ಹಾಕಿದ ನಾಲ್ಕು ದಿನ

ಮಾರ್ಚ್ ಹದಿಮೂರು, ಬುಧವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿ ಅಕ್ಕನ ಮಗುವನ್ನು ಹೊರಗೆ ತೆಗೆದ ಹೊತ್ತು ಅದು. ಹೆಣ್ಣು ಮಗು. ಎರಡು ಕಿಲೋ ಒಂಬೈನೂರು ಗ್ರಾಂ. ಹತ್ತು ನಲವತ್ತಕ್ಕೆ ನರ್ಸ್ ಬಟ್ಟೆಯಲ್ಲಿ ಸುತ್ತಿ ತಂದು ನಮಗೆಲ್ಲ ತೋರಿಸಿದರು. ಹನ್ನೊಂದು ಐದಕ್ಕೆ ನಾನು ನೀರು ಹಿಡಿಯಲು ಹೋಗುವಾಗ ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅದೇ ನರ್ಸ್ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಣ್ಣ ಬಾಟಲಿಯಿಂದ ಏನೋ ಕುಡಿಸುತ್ತಿದ್ದರು.

"ಏನು ಸಿಸ್ಟರ್ ಅದು?"

"ಪೌಡರ್ ಹಾಲು. ಮೂವತ್ತು ಎಂ.ಎಲ್. ಅಳ್ತಿತ್ತಲ್ಲ."

"ಅಕ್ಕನ್ನ ಕೇಳಿದ್ರಾ?"

"ಅವ್ರಿನ್ನೂ ಒಳಗಿದಾರೆ. ಏನೂ ಆಗಲ್ಲ ಬಿಡಿ."

ನಾನು ಜಯನಗರದಲ್ಲೇ ಒಂದು ರಕ್ತಪರೀಕ್ಷೆ ಲ್ಯಾಬಿನ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಯಾರ ಸ್ಯಾಂಪಲ್ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಒಳಗೆ ಹೋಯಿತು ಎಂದು ಬರೆಯುವುದು ನನ್ನ ಕೆಲಸ. ಹಾಗಾಗಿ ಮಗುವಿಗೆಂದು ಒಂದು ಹೊಸ ನೋಟ್‌ಬುಕ್ ತಂದಿದ್ದೆ. ಮೊದಲ ಸಾಲಿನಲ್ಲಿ ಹನ್ನೊಂದು ಐದು, ಪೌಡರ್ ಹಾಲು, ಮೂವತ್ತು ಎಂ.ಎಲ್. ಎಂದು ಬರೆದೆ. ಕೊನೆಯ ಪುಟದಲ್ಲಿ "ಏನೂ ಆಗಲ್ಲ" ಎಂದು ಬರೆದು ಪಕ್ಕದಲ್ಲಿ ಒಂದು ಗೀಟು ಎಳೆದೆ. ಆಗ ಅದು ಬರೀ ಸಿಟ್ಟಿಗೆ ಎಳೆದದ್ದು. ಮುಂದೆ ಯಾರಾದರೂ ಆ ಮಾತು ಹೇಳಿದಾಗೆಲ್ಲ ಅಲ್ಲಿ ಸಾಲಾಗಿ ಗೀಟುಗಳು ಬರುತ್ತವೆ ಎಂದು ಗೊತ್ತಿರಲಿಲ್ಲ.

ಮಧ್ಯಾಹ್ನ ಅಕ್ಕನನ್ನು ವಾರ್ಡಿಗೆ ತಂದರು. ಅಷ್ಟು ಹೊತ್ತಿಗೆ ಹುಳಿಮಾವಿನಿಂದ ಅವಳ ಅತ್ತೆ ಬಂದಿದ್ದರು. ಅವರದು ಅಲ್ಲಿಯ ಹಳೇ ಊರಿನ ಮನೆ. ಹೊಲವೆಲ್ಲ ಲೇಔಟ್ ಆಗಿ ಈಗ ನಾಲ್ಕು ಮಹಡಿಯ ಬಾಡಿಗೆ ಕಟ್ಟಡ ಇದೆ. ಅದರ ಹಿಂದೆ ಶೀಟು ಹಾಕಿದ ಕೊಟ್ಟಿಗೆಯಲ್ಲಿ ಎರಡು ಹಸು ಇನ್ನೂ ಇವೆ. ಬಾಡಿಗೆಯ ಹುಡುಗರಿಗಿಂತ ಆ ಹಸುಗಳ ಮೇಲೆ ಅವರಿಗೆ ಗಮನ ಜಾಸ್ತಿ.

ಅಕ್ಕ ಮಗುವನ್ನು ಎದೆಗೆ ತೆಗೆದುಕೊಳ್ಳಲು ನೋಡಿದಳು. ಅವಳ ಅತ್ತೆ ತಡೆದರು.

"ತಾಳಮ್ಮ. ಈ ಹಳದಿ ಹಾಲು ಕೊಡಬಾರ್ದು. ಒಂಬತ್ತು ತಿಂಗಳು ಒಳಗೇ ನಿಂತಿದ್ದು ಇದು. ಮೂರು ದಿನ ಹಿಂಡಿ ಚೆಲ್ಲಿಬಿಡಬೇಕು."

ನಮ್ಮಮ್ಮ ತಲೆ ಆಡಿಸಿದಳು. ಬೀಗಿತ್ತಿಯ ಎದುರು ಮಾತಾಡುವ ಅಭ್ಯಾಸ ಅವಳಿಗಿಲ್ಲ. ಅದೂ ಅಲ್ಲದೆ ಅವಳಿಗೂ ಯಾರೋ ಹಾಗೇ ಹೇಳಿದ್ದರಂತೆ. ಅಕ್ಕನಿಗೆ ಅರಿವಳಿಕೆಯ ಮತ್ತು ಪೂರ್ತಿ ಇಳಿದಿರಲಿಲ್ಲ. ಅವಳು ಗೋಡೆ ಕಡೆ ನೋಡುತ್ತಾ ಮಲಗಿದಳು. ಅತ್ತೆ ಹತ್ತಿಯ ಉಂಡೆ ಮಾಡಿ ಹಾಲನ್ನು ಅದಕ್ಕೆ ಹಿಂಡಿ ಹಿಂಡಿ ಬಕೆಟ್ಟಿಗೆ ಎಸೆದರು. ನಾನು ಮೂಲೆಯ ಸ್ಟೂಲಿನಲ್ಲಿ ಕುಳಿತು ಎಣಿಸಿದೆ. ಆ ದಿನ ಆರು ಉಂಡೆ. ಮೂರು ದಿನಕ್ಕೆ ಒಟ್ಟು ಹತ್ತೊಂಬತ್ತು. ಮಗುವಿಗೆ ಅಷ್ಟು ದಿನವೂ ಬಾಟಲಿ.

ಹದಿನೇಳನೇ ತಾರೀಕು ಭಾನುವಾರ ತ್ಯಾಗರಾಜನಗರದ ನಮ್ಮ ಮನೆಗೆ ಬಂದೆವು. ಮನೆಗೆ ಹೊರಡುವಾಗ ಮಗುವಿನ ತೂಕ ಎರಡು ಕಿಲೋ ಆರುನೂರ ತೊಂಬತ್ತು. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಹಾಲಿನ ಡಬ್ಬದ ಹೆಸರು ಬರೆದು "ಬೇಕಾದರೆ" ಎಂದು ಸೇರಿಸಿದ್ದರು. ಅಕ್ಕ ಬೇಡ ಎಂದಳು. ಮೂರು ದಿನದ ಲೆಕ್ಕ ಮುಗಿದಿತ್ತಲ್ಲ, ಇನ್ನು ಅವಳ ಹಾಲಿಗೆ ಯಾರ ತಕರಾರೂ ಇರಲಿಲ್ಲ. ಸೋಮವಾರದಿಂದ ಗುರುವಾರದವರೆಗೆ, ನಾಲ್ಕು ದಿನ, ಮಗು ತಾಯಿಯ ಹಾಲು ಬಿಟ್ಟು ಬೇರೇನೂ ಕುಡಿಯಲಿಲ್ಲ.

ಆ ಸೋಮವಾರವೇ ಹುಳಿಮಾವಿನಿಂದ ಒಂದು ಸ್ಟೀಲ್ ಡಬ್ಬ ಬಂತು. ಅವರ ಹಸು ಕರು ಹಾಕಿತ್ತು. ಡಬ್ಬದಲ್ಲಿ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು. ನಾನು ಎರಡು ತುಂಡು ತಿಂದೆ. ಚೆನ್ನಾಗಿತ್ತು. ತಿನ್ನುವಾಗ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆದಿದ್ದೆ. ಹೊತ್ತು, ಎಷ್ಟು ನಿಮಿಷ ಕುಡಿದಳು, ಎಷ್ಟು ಎಂ.ಎಲ್., ಉಚ್ಚೆ ಮಾಡಿದ ಬಟ್ಟೆ ಎಷ್ಟು, ಕಕ್ಕ ಎಷ್ಟು. ಬಾಟಲಿಯಾದರೆ ಎಂ.ಎಲ್. ಗೊತ್ತಾಗುತ್ತಿತ್ತು. ಎದೆಹಾಲಿಗೆ ಅಳತೆ ಎಲ್ಲಿಂದ ತರುವುದು? ಊಹೆ ಮಾಡಿ ಬರೆಯಲು ನನಗೆ ಮನಸ್ಸಿಲ್ಲ. ಆ ನಾಲ್ಕು ದಿನವೂ ಎಂ.ಎಲ್. ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ಪ್ರಶ್ನೆ ಮಾರ್ಕು ಹಾಕಿದೆ.

ಶುಕ್ರವಾರ, ಇಪ್ಪತ್ತೆರಡಕ್ಕೆ, ತೋರಿಸಲು ಕರೆದುಕೊಂಡು ಹೋದೆವು. ತೂಕ ಎರಡು ಕಿಲೋ ಎಂಟುನೂರ ಐವತ್ತು. ನರ್ಸಿಂಗ್ ಹೋಮಿನ ಡಾಕ್ಟರು ಫೈಲು ನೋಡಿ, "ಹುಟ್ಟಿದ ತೂಕಕ್ಕೇ ಬಂದಿಲ್ವಲ್ಲ. ಮೇಲು ಹಾಲು, ಡಬ್ಬದ್ದು, ಶುರು ಮಾಡಿ," ಎಂದರು. ನಾವು ಕುರ್ಚಿಯಲ್ಲಿ ಕುಳಿತದ್ದಕ್ಕೂ ಎದ್ದದ್ದಕ್ಕೂ ನಡುವೆ ಎರಡು ನಿಮಿಷ ಆಗಿರಲಿಲ್ಲ.

ಆ ಸಂಜೆ ಆರರಿಂದ ಎಂಟರವರೆಗೆ ಮಗು ಅತ್ತಿತು. ಅಕ್ಕನ ಅತ್ತೆ ಬಂದಿದ್ದರು. ಟೀಪಾಯಿಯ ಮೇಲಿದ್ದ ನೋಟ್‌ಬುಕ್ ಎತ್ತಿಕೊಂಡು ಕನ್ನಡಕ ಹಾಕಿದರು.

"ಇದೇನೇ ಇಲ್ಲೆಲ್ಲ ಕೊಕ್ಕೆ ಕೊಕ್ಕೆ ಹಾಕಿದೀಯ?"

"ಎಷ್ಟು ಕುಡೀತು ಅಂತ ಗೊತ್ತಾಗಲ್ಲ ಅತ್ತೆ. ಅದಕ್ಕೇ ಪ್ರಶ್ನೆ ಮಾರ್ಕು."

"ಪ್ರಶ್ನೆ ಮಾರ್ಕು ಕುಡಿದು ಮಗು ದಪ್ಪ ಆಗುತ್ತೇನೇ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ.

ಅಮ್ಮ ಹೇಳಿದಳು, "ಲ್ಯಾಬಲ್ಲಿ ಕೆಲಸ ಮಾಡೋಳು ಇವಳೇ ಬರೆದಿದಾಳಲ್ಲ. ಹಾಲು ಸಾಲ್ತಿಲ್ಲ ಅಂತ ತಾನೇ ಅರ್ಥ?"

ಹಾಲು ಸಾಲುತ್ತಿಲ್ಲ ಎಂದು ನಾನು ಎಲ್ಲೂ ಬರೆದಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲೂ ಇಲ್ಲ. ಏಳು ಗಂಟೆಗೆ ನಾನೇ ಕೆಳಗಿನ ಮೆಡಿಕಲ್ ಸ್ಟೋರಿಗೆ ಹೋಗಿ ಡಬ್ಬ ತಂದೆ. ಕೊಡಲೋ ಬೇಡವೋ ಎಂದು ಅಕ್ಕ ನನ್ನ ಮುಖ ನೋಡಿದಾಗ, "ಒಂದೆರಡು ಬಾಟಲಿ ಕೊಟ್ರೆ ಏನೂ ಆಗಲ್ಲ ಬಿಡೆ," ಎಂದವಳು ನಾನು. ಕೊನೆಯ ಪುಟದಲ್ಲಿ ಅದಕ್ಕೂ ಒಂದು ಗೀಟು ಇದೆ. ಅದನ್ನು ಎಳೆದದ್ದು ತಿಂಗಳಾದ ಮೇಲೆ.

ಮೊದಲು ದಿನಕ್ಕೆ ಎರಡು ಬಾಟಲಿ. ವಾರ ಕಳೆಯುವಷ್ಟರಲ್ಲಿ ನಾಲ್ಕು. ಯುಗಾದಿಯ ಹೊತ್ತಿಗೆ ಎಂಟು. ಎಂ.ಎಲ್. ಕಾಲಂ ಈಗ ಅಂಕಿಗಳಿಂದ ತುಂಬಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ನನಗೆ ಅದು ಇಷ್ಟವೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಪಕ್ಕದ ಕಾಲಂನಲ್ಲಿ ಎದೆಯಲ್ಲಿ ಕುಡಿದ ನಿಮಿಷಗಳು ದಿನಕ್ಕೆ ನೂರ ನಲವತ್ತರಿಂದ ಮೂವತ್ತೈದಕ್ಕೆ ಇಳಿದವು. "ಬಾಯಿ ತಿರುಗಿಸ್ಕೊಂಡ್ಬಿಡ್ತಾಳೆ ಕಣೆ," ಎನ್ನುತ್ತಿದ್ದಳು ಅಕ್ಕ. ಏಪ್ರಿಲ್ ಹದಿನೈದಕ್ಕೆ ಅಲ್ಲಿ ಸೊನ್ನೆ.

ಆ ಬೇಸಿಗೆ ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಬತ್ತಿತ್ತು. ಕಾವೇರಿ ನೀರು ಎರಡು ದಿನಕ್ಕೊಮ್ಮೆ, ಉಳಿದಂತೆ ಟ್ಯಾಂಕರ್. ಹಾಲು ಕಲಸುವ ನೀರನ್ನು ಅಮ್ಮ ಕುದಿಸುತ್ತಿದ್ದಳು. ಬಾಟಲಿ, ನಿಪ್ಪಲ್ ತೊಳೆಯುತ್ತಿದ್ದದ್ದು ಮಾತ್ರ ಬಚ್ಚಲಿನ ಡ್ರಮ್ಮಿನ ನೀರಲ್ಲಿ. ಇದರ ಜೊತೆಗೆ ಪ್ರತಿ ಭಾನುವಾರ ಬೆಳಿಗ್ಗೆ ಎಣ್ಣೆ ನೀರು ಹಾಕುವ ಮೊದಲು ಮಗುವಿನ ಬಾಯಿಗೆ ಹರಳೆಣ್ಣೆ. ಹೊಟ್ಟೆ ತೊಳೆಯಬೇಕಂತೆ. ಒಟ್ಟು ನಾಲ್ಕು ಭಾನುವಾರ. ಒಂದು ತಿಂಗಳ ಕೂಸಿನ ಹೊಟ್ಟೆಯಲ್ಲಿ ತೊಳೆಯುವಂಥ ಕೊಳೆ ಏನಿರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಏಪ್ರಿಲ್ ಹದಿನೆಂಟು, ಗುರುವಾರ. ಕಕ್ಕ ಹನ್ನೊಂದು ಸಲ, ನೀರಿನ ಹಾಗೆ, ಹಸಿರು. ಉಚ್ಚೆಯ ಬಟ್ಟೆ ಮೂರೇ. ಶುಕ್ರವಾರ ಬೆಳಿಗ್ಗೆ ಎಂಟಾದರೂ ಒಂದೂ ಇಲ್ಲ. ಎತ್ತಿಕೊಂಡರೆ ಮಗು ಅಳಲೂ ಇಲ್ಲ. ನೆತ್ತಿ ಕುಳಿ ಬಿದ್ದಿತ್ತು. ಅಮ್ಮ ಅದರ ಮೇಲೆ ಕೈಯಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು. ಆಟೋ ಹಿಡಿದು ಮಕ್ಕಳ ಆಸ್ಪತ್ರೆಯೊಂದಕ್ಕೆ ಹೋದೆವು. ಆ ಬೆರಳಿನಷ್ಟು ಕೈಯಲ್ಲಿ ನರ ಸಿಗಲು ಮೂರು ಸಲ ಚುಚ್ಚಿದರು. ನಾನು ಎಣಿಸಿದೆ. ಎಣಿಸುವುದು ಬಿಟ್ಟು ಬೇರೆ ಏನು ಬರುತ್ತದೆ ನನಗೆ.

ಶನಿವಾರ ಹನ್ನೊಂದು ಗಂಟೆಗೆ ಮಗು ಕಣ್ಣು ಬಿಟ್ಟು ಸರಿಯಾಗಿ ಅತ್ತಿತು. ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಂಚದ ಅಂಚಿನಲ್ಲಿ ಕುಳಿತು ಏನೇನು ಕೊಟ್ಟಿರಿ ಎಂದು ಕೇಳಿದರು. ಎಲ್ಲರೂ ಒಟ್ಟಿಗೆ ಹೇಳಲು ಶುರು ಮಾಡಿದಾಗ ನಾನು ನೋಟ್‌ಬುಕ್ ಕೊಟ್ಟೆ. ಅವರು ಮೊದಲ ಪುಟದಿಂದ ಬೆರಳಿಟ್ಟು ಓದಿದರು. ನಾಲ್ಕು ದಿನದ ಪ್ರಶ್ನೆ ಮಾರ್ಕಿನ ಹತ್ತಿರ ಬೆರಳು ನಿಂತಿತು.

"ಈ ನಾಲ್ಕು ದಿನ ಬರೀ ತಾಯಿ ಹಾಲಾ?"

"ಹೌದು ಮೇಡಂ."

"ಉಚ್ಚೆ ಬಟ್ಟೆ ಏಳು, ಎಂಟು, ಏಳು, ಎಂಟು. ತೂಕ ಹೊರಡೋವಾಗ ಎರಡು ಆರು ತೊಂಬತ್ತು, ಐದು ದಿನ ಆದ್ಮೇಲೆ ಎರಡು ಎಂಟು ಐವತ್ತು. ನೂರ ಅರವತ್ತು ಗ್ರಾಂ ಏರಿದೆ. ಎಲ್ಲಾ ಮಕ್ಕಳೂ ಮೊದಲು ಸ್ವಲ್ಪ ಇಳೀತವೆ. ಇಳಿದಲ್ಲಿಂದ ನೋಡಬೇಕು ಏರ್ತಿದೆಯಾ ಅಂತ." ಅವರು ತಲೆ ಎತ್ತಿದರು. "ಯಾರು ಬರೆದಿದ್ದು ಇದನ್ನ?"

"ನಾನೇ ಮೇಡಂ."

"ತುಂಬಾ ಚೆನ್ನಾಗಿ ಬರೆದಿದೀರ. ಓದಿಲ್ಲ ಅಷ್ಟೆ."

ಅಕ್ಕ ಅಷ್ಟು ಹೊತ್ತು ಮಗುವಿನ ಕಾಲನ್ನೇ ಹಿಡಿದುಕೊಂಡು ಕುಳಿತಿದ್ದಳು. "ಹಾಗಾದ್ರೆ ನನಗೆ ಹಾಲಿತ್ತಾ ಮೇಡಂ?" ಎಂದಳು.

"ಇತ್ತಮ್ಮ. ಬೇಕಾದಷ್ಟಿತ್ತು."

ಅಕ್ಕ ನನ್ನ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ತನ್ನ ಮೈಯಲ್ಲೇ ಏನೋ ಐಬಿದೆ ಎಂದುಕೊಂಡು ನಾಲ್ಕು ವಾರ ಕಳೆದಿದ್ದಳು ಅವಳು. ನಾನು ಬರೆದ ಉಚ್ಚೆಯ ಕಾಲಂ, ತೂಕದ ಅಂಕಿ ಎರಡೂ ಕೂಗಿ ಹೇಳುತ್ತಿದ್ದವು. ಎಲ್ಲರೂ ನೋಡಿದ್ದು ಮಾತ್ರ ಪ್ರಶ್ನೆ ಮಾರ್ಕು ಇದ್ದ ಒಂದು ಕಾಲಂ. ಡಬ್ಬದ ಮೇಲೆ ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ನಾಲ್ಕು ವಾರ ದಿನವೂ ಆ ಮುಚ್ಚಳ ತೆಗೆದ ನಾನು ಅದನ್ನು ಓದಿದ್ದು ಅವತ್ತು ಸಂಜೆ ಮನೆಗೆ ಬಟ್ಟೆ ತರಲು ಹೋದಾಗ.

ಡಾಕ್ಟರು ಇನ್ನೂ ಸ್ವಲ್ಪ ಹೊತ್ತು ಕುಳಿತರು. ಆಪರೇಷನ್ ಬೇಕಿತ್ತು, ಆಗ ಕೊಟ್ಟ ಆಂಟಿಬಯೋಟಿಕ್ಕೂ ಬೇಕಿತ್ತು, ಅದಕ್ಕೆ ಯಾರನ್ನೂ ಬೈಯಬೇಡಿ ಎಂದರು. ಆದರೆ ಹಾಗೆ ಹುಟ್ಟಿದ ಮಗುವಿನ ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಸೇರುವುದು ನಿಧಾನ. ಅಂಥ ಮಗುವಿಗೇ ತಾಯಿಯ ಹಾಲು ಇನ್ನೂ ಮುಖ್ಯ. "ತಾಯಿ ಹಾಲಲ್ಲಿ ಮಗುಗೆ ಜೀರ್ಣ ಆಗದೇ ಇರೋ ಸಕ್ಕರೆಗಳೂ ಇರ್ತವೆ. ಅದು ಮಗುಗಲ್ಲ. ಅದರ ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾಗೆ."

"ಹುಳಕ್ಕೆ ಹಾಲು ಹಾಕೋದಾ?" ಅಮ್ಮನಿಗೆ ನಂಬಿಕೆ ಬರಲಿಲ್ಲ.

"ಮನೇಲಿ ಮೊಸರಿಗೆ ಹೆಪ್ಪು ಹಾಕಲ್ವಾ ಅಮ್ಮ? ಹೆಪ್ಪಲ್ಲಿ ಇರೋದೂ ಅದೇ ತರದ್ದು. ಹಾಕ್ಬಿಟ್ಟು, ಪಾತ್ರೆ ಕದಲಿಸ್ತಾ ಇರ್ತೀರಾ? ಮೇಲೆ ಹರಳೆಣ್ಣೆ ಹುಯ್ತೀರಾ?"

ಅಮ್ಮ ಸೆರಗು ಸರಿಮಾಡಿಕೊಂಡಳು. ಪಕ್ಕದ ಮಂಚದ ಹೆಂಗಸು ಬಾಯಿ ಮುಚ್ಚಿ ನಕ್ಕಳು.

ಈ ಭೇದಿ ಯಾವುದರಿಂದ ಬಂತು, ಬಾಟಲಿಯೋ ನೀರೋ ಎಣ್ಣೆಯೋ, ಬೆರಳು ಮಾಡಿ ಹೇಳಲು ಆಗುವುದಿಲ್ಲ ಎಂದೂ ಡಾಕ್ಟರು ಹೇಳಿದರು. ಎರಡು ಗಂಟೆಗೊಮ್ಮೆ ಎದೆಗೆ ಹಾಕಿ, ಬಾಟಲಿ ಒಂದೊಂದಾಗಿ ಕಮ್ಮಿ ಮಾಡಿ, ವಾರಕ್ಕೊಮ್ಮೆ ತೂಕಕ್ಕೆ ತನ್ನಿ, ಹಾಲು ಮತ್ತೆ ಬರಬಹುದು. ಬರಬಹುದು ಎಂದರು, ಬರುತ್ತದೆ ಎನ್ನಲಿಲ್ಲ.

ಸೋಮವಾರ, ಏಪ್ರಿಲ್ ಇಪ್ಪತ್ತೆರಡು, ಮನೆಗೆ ಬಂದೆವು. ಮಧ್ಯಾಹ್ನ ಅಕ್ಕನ ಅತ್ತೆ ಬಂದರು. ನಾನು ಎರಡು ದಿನದಿಂದ ಹಲ್ಲು ಕಚ್ಚಿಕೊಂಡಿದ್ದೆ.

"ಅತ್ತೆ, ಒಂದು ಕೇಳ್ತೀನಿ. ಹಸು ಕರು ಹಾಕಿದ್ರೆ ಗಿಣ್ಣುಹಾಲು ಮೊದಲು ಯಾರಿಗೆ ಬಿಡ್ತೀರಿ?"

"ಕರುಗೇ. ಇನ್ಯಾರಿಗೆ? ಎದ್ದು ನಿಂತ್ಕೊಳ್ಳೋದೇ ತಡ, ಬಾಯಿಗಿಡಬೇಕು. ಇಲ್ಲದಿದ್ರೆ ಕರು ಗಟ್ಟಿಯಾಗಲ್ಲ. ಅದು ಕುಡಿದು ಮಿಕ್ಕಿದ್ದು ತಾನೇ ನಾವು ಹಿಂಡ್ಕೊಳ್ಳೋದು."

"ಮತ್ತೆ ನಮ್ಮ ಮಗುಗೆ ಮೂರು ದಿನ ಯಾಕೆ ಹತ್ತೀಲಿ ಎಸೆದ್ರಿ?"

"ನಮ್ಮತ್ತೆ ನನಗೆ ಹಂಗೇ ಮಾಡಿದ್ರು," ಎಂದರು. "ಮೂರು ಮಕ್ಳಿಗೂ. ಹಸುಗೆ ಹಿಂಗೆ, ಹೆಂಗಸಿಗೆ ಹಂಗೆ ಅಂತ ಯೋಚ್ನೇನೇ ಮಾಡ್ಲಿಲ್ಲ." ಆಮೇಲೆ ನನ್ನ ಮುಖ ನೋಡಿದರು. "ಅವತ್ತು ನೀನೂ ಅಲ್ಲೇ ಸ್ಟೂಲ್ ಮೇಲೆ ಕೂತಿದ್ಯಲ್ಲ. ಓದಿದವಳು. ನೀನ್ಯಾಕೆ ಬಾಯಿ ಬಿಡ್ಲಿಲ್ಲ?"

ನನ್ನ ಹತ್ತಿರ ಇದ್ದದ್ದು ಹತ್ತೊಂಬತ್ತು ಎಂಬ ಅಂಕಿ ಮಾತ್ರ.

ಅವರು ತಪ್ಪಾಯಿತು ಎನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಆದರೆ ಹುಳಿಮಾವಿಗೆ ಫೋನ್ ಮಾಡಿ ಹಸುಗಳನ್ನು ಬೇರೆಯವರಿಗೆ ವಹಿಸಿ ಐದು ದಿನ ನಮ್ಮ ಮನೆಯಲ್ಲೇ ಉಳಿದರು. ಮಗು ಎದೆಯಿಂದ ಬಾಯಿ ತಿರುಗಿಸಿದಾಗೆಲ್ಲ ಅದರ ಕೆನ್ನೆ ಸವರಿ ಮತ್ತೆ ಹಚ್ಚಿದರು.

"ಸೀಪ್ಲಿ ಬಿಡು. ಬರೀ ಎದೆ ಆದ್ರೂ ಸೀಪ್ಲಿ. ಕರು ಬಾಯಿ ಹಾಕದೆ ಯಾವ ಹಸು ಹಾಲು ಇಳಿಸುತ್ತೆ?"

"ನಾನೇನು ಹಸುನಾ ಅತ್ತೆ?" ಅಕ್ಕ ಆ ತಿಂಗಳಲ್ಲಿ ಮೊದಲ ಸಲ ಎದುರು ಮಾತಾಡಿದಳು.

"ಹಸುಗಾದ್ರೆ ಹೊತ್ತೊತ್ತಿಗೆ ಬೂಸಾ, ನೀರು ಇಡ್ತೀವಿ. ನಿಮ್ಮಮ್ಮ ನಿನಗೆ ಬಾಣಂತಿ ಅಂತ ನೀರೇ ಕೊಡ್ತಿಲ್ವಲ್ಲೇ."

ನಿಜ. ಬಾಣಂತಿಗೆ ನೀರು ಹೆಚ್ಚು ಕೊಡಬಾರದೆಂದು ಆ ಉರಿಬಿಸಿಲಿನಲ್ಲೂ ಅಮ್ಮ ದಿನಕ್ಕೆ ಐದು ಲೋಟ ಲೆಕ್ಕ ಮಾಡಿ ಕೊಡುತ್ತಿದ್ದಳು. ಅಮ್ಮನಿಗೆ ಕೋಪ ಬಂತು, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಆದರೆ ಅರ್ಧ ಗಂಟೆಯಲ್ಲಿ ಒಂದು ಚೊಂಬು ನೀರು ತಂದು ಅಕ್ಕನ ಪಕ್ಕದಲ್ಲಿ ಕುಕ್ಕಿ ಹೋದಳು.

ಬಾಟಲಿಗಳು ಏಳು, ಏಳು, ಆರು. ಒಂದು ವಾರ ಆರರಲ್ಲೇ ನಿಂತಿತು. ಅಕ್ಕ ಎರಡು ಸಲ ಸಾಕಪ್ಪ ಎಂದು ಅತ್ತಳು. ಆಮೇಲೆ ಐದು, ಮೂರು. ಮೇ ಹನ್ನೆರಡು, ಭಾನುವಾರ, ಬಾಟಲಿ ಸೊನ್ನೆ. ಉಚ್ಚೆಯ ಬಟ್ಟೆ ಎಂಟು. ಹರಳೆಣ್ಣೆ ಇಲ್ಲ. ಎಂ.ಎಲ್. ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ಮತ್ತೆ ಪ್ರಶ್ನೆ ಮಾರ್ಕು. ಅಕ್ಕನೇ ಪೆನ್ನು ಕಿತ್ತುಕೊಂಡು ಹಾಕಿದಳು.

ಇಲ್ಲಿಗೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಯಾರೂ ಪ್ರಶ್ನಿಸದೆ ನಡೆದು ಬಂದ ಹಳೇ ಮಾತನ್ನು ಮನೆಯವರು ನಂಬಿದರು, ನಾನು ಬಾಯಿ ಮುಚ್ಚಿಕೊಂಡಿದ್ದೆ; ಅದು ನಮ್ಮ ಪಾಲಿನದು. ಆದರೆ ಮೊದಲ ಬಾಟಲಿ? ಅದನ್ನು ಹಿಡಿದ ಕೈ ಓದಿ ಬಂದ ಕೈ. ಮೇ ಇಪ್ಪತ್ತು, ಸೋಮವಾರ, ಊಟದ ಬಿಡುವಿನಲ್ಲಿ ನರ್ಸಿಂಗ್ ಹೋಮಿಗೆ ನಡೆದು ಹೋದೆ. ಅಕ್ಕ ಬರೆದುಕೊಟ್ಟ ಒಪ್ಪಿಗೆ ಪತ್ರ ತೋರಿಸಿ ಫೈಲು ಕೇಳಿದೆ. ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ, ಯಾವ ಡ್ರಿಪ್ ಎಷ್ಟು ಹೊತ್ತು, ಎಲ್ಲ ಇತ್ತು. ಎಷ್ಟು ಜೊತೆ ಕೈಗವಸು ಬಳಸಿದರು ಎನ್ನುವುದೂ ಇತ್ತು. ಮಗುವಿಗೆ ಏನು ಕುಡಿಸಿದರು ಎಂಬ ಜಾಗ ಖಾಲಿ.

"ಹನ್ನೊಂದು ಐದಕ್ಕೆ ಮೂವತ್ತು ಎಂ.ಎಲ್. ಪೌಡರ್ ಹಾಲು ಕೊಟ್ಟಿದೀರ. ಯಾಕೆ ಬರೆದಿಲ್ಲ?"

ಕೌಂಟರಿನ ಹುಡುಗಿ ಪುಟ ತಿರುಗಿಸಿದಳು. "ಅದೆಲ್ಲ ಬರೆಯಲ್ಲ ಮೇಡಂ. ಮಗು ಚೆನ್ನಾಗಿದೆ ತಾನೆ?"

"ಚೆನ್ನಾಗಿದೆ."

"ಮತ್ತೆ? ಏನೂ ಆಗ್ಲಿಲ್ವಲ್ಲ."

ನಮ್ಮ ಲ್ಯಾಬಿಗೆ ಹೊತ್ತು ಬರೆಯದ ಒಂದು ಉಚ್ಚೆಯ ಡಬ್ಬಿ ಬಂದರೆ ವಾಪಸ್ ಕಳಿಸುತ್ತೇವೆ. ಒಂದು ಜೀವದ ಹೊಟ್ಟೆಗೆ ಬಿದ್ದ ಮೊದಲ ಆಹಾರ ಅಲ್ಲಿ ಯಾವ ಪುಸ್ತಕದಲ್ಲೂ ಇಲ್ಲ. ಇರುವುದು ನನ್ನ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಮಾತ್ರ.

ಮಗು ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ರಾಗಿ ಸರಿ ತಿನ್ನುತ್ತಾಳೆ, ಮುಕ್ಕಾಲು ನನ್ನ ಬಟ್ಟೆಗೆ ಬಳಿಯುತ್ತಾಳೆ. ಹುಳಿಮಾವಿನ ಬಾಡಿಗೆ ಮನೆಯೊಂದರಲ್ಲಿ ಇತ್ತೀಚೆಗೆ ಹೆರಿಗೆಯಾದಾಗ ಅಕ್ಕನ ಅತ್ತೆ ಮೆಟ್ಟಿಲು ಹತ್ತಿ ಹೋಗಿ ಹಳದಿ ಹಾಲು ಮೊದಲು ಕೊಡು ಎಂದು ಗದರಿಸಿ ಬಂದರಂತೆ. ಅವರು ಹೇಳಲಿಲ್ಲ, ಅಕ್ಕ ಹೇಳಿದಳು.

ನನಗೆ ಒಂದು ವಿಷಯ ಇನ್ನೂ ಗೊತ್ತಾಗಿಲ್ಲ. ಹತ್ತೊಂಬತ್ತು ಉಂಡೆ ಎಸೆದದ್ದು, ನಾಲ್ಕು ಸಲ ಹೊಟ್ಟೆ ತೊಳೆದದ್ದು, ಅಷ್ಟು ವಾರದ ಬಾಟಲಿ, ಇವೆಲ್ಲ ಅವಳ ಕರುಳಿನಲ್ಲಿ ಕದಡಿದ್ದು ಪೂರ್ತಿ ಸರಿಹೋಯಿತೇ? ಹೋಗಿದ್ದರೆ ಎಷ್ಟು ದಿನಕ್ಕೆ? ಅದನ್ನು ತಿಳಿಯುವುದು ಹೇಗೆ? ಮಕ್ಕಳ ಆಸ್ಪತ್ರೆಯ ಆ ಡಾಕ್ಟರು ಪ್ರಾಮಾಣಿಕವಾಗಿ, ಒಂದೊಂದು ಮಗುವನ್ನು ನೋಡಿ ಹಾಗೆ ಹೇಳುವಷ್ಟು ನಮಗಿನ್ನೂ ತಿಳಿದಿಲ್ಲ ಎಂದರು. ಇದನ್ನು ಓದಿದವರಲ್ಲಿ ಹೆಚ್ಚು ತಿಳಿದವರು ಇದ್ದರೆ, ಡಾಕ್ಟರಾಗಲಿ, ದಾದಿಯಾಗಲಿ, ಹೀಗೇ ಹಾಲು ನಿಂತು ಮತ್ತೆ ಬಂದ ತಾಯಿಯಾಗಲಿ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ದಿನ, ಹೊತ್ತು ನೆನಪಿದ್ದರೆ ಅದನ್ನೂ ಬರೆಯಿರಿ. ಏನೂ ಆಗಲ್ಲ ಎಂದು ಹೇಳುವವರು ಮಾತ್ರ ಬರೆಯುವುದು ಬೇಡ. ಕೊನೆಯ ಪುಟದಲ್ಲಿ ಆ ಮಾತಿನ ಗೀಟುಗಳು ಹದಿನಾಲ್ಕು ಆಗಿವೆ, ಅವುಗಳಲ್ಲಿ ಒಂದು ನನ್ನದು.